ಬೆಥಾನಿಯ ಚಾಪೆಗಳು

ಬೀಗದ ಕೈ ನನ್ನ ಹತ್ತಿರ ಇರುತ್ತದೆ.
ಮಂಗಳವಾರ ಸಂಜೆ ಆರಕ್ಕೆ ಬಾಗಿಲು ತೆಗೆದು
ಹೀಟರಿಗೆ ನಾಣ್ಯ ಹಾಕಿ
ಹದಿಮೂರು ಚಾಪೆ ಹಾಸುತ್ತೇನೆ,
ಒಂದು ಕಾಲಕ್ಕೆ ಬೆಂಚುಗಳಿದ್ದ ಕಡೆ.
ನೆಲದ ಹಲಗೆಯಲ್ಲಿ ಮೊಳೆಯ ತೂತು ಹಾಗೇ ಇವೆ.

ಗೋಡೆಯ ಮೇಲೆ ಸ್ತೋತ್ರದ ಹಲಗೆ.
ಕೊನೆಯ ಭಾನುವಾರದ ಅಂಕಿಗಳು:
ನೂರ ಹನ್ನೆರಡು, ನಲವತ್ತು, ಮುನ್ನೂರ ಆರು.
ಯಾರೂ ತೆಗೆಯಲಿಲ್ಲ. ನಾನೂ.
ಧೂಳು ಮಾತ್ರ ಒರೆಸುತ್ತೇನೆ.

ಕಲಿಸುವವಳು ಮೆರೆರಿದ್, ಮೊದಲು ಸೂಲಗಿತ್ತಿ.
‘ಉಸಿರು ಬಿಡಿ, ಬಿಡಿ’ ಅನ್ನುವುದು ಅವಳಿಗೆ ಹೊಸತಲ್ಲ.
ಜನವರಿಯಲ್ಲಿ ಸಮಿತಿಯ ಕಾಗದ ಬಂತು:
ಬಾಡಿಗೆ ಅದೇ, ಷರತ್ತು ಮೂರು.
ಓಂ ಬೇಡ. ಕೈ ಮುಗಿಯುವುದು ಬೇಡ.
ಸೂರ್ಯನಿಗೆ ನಮಸ್ಕಾರ ಎಂಬ ಮಾತು ಬಾಯಲ್ಲಿ ಬರಬಾರದು.
ಕೆಳಗೆ ಟೆಕ್ವಿನ್ನನ ಸಹಿ.
ಸಭೆಯ ಹಿರಿಯನ ಮಗ, ಹಿರಿಯನ ಮೊಮ್ಮಗ,
ತಾನು ಮಾತ್ರ ಇಪ್ಪತ್ತು ವರ್ಷದಿಂದ
ಯಾವ ಪ್ರಾರ್ಥನೆಗೂ ಕಾಲಿಡದವನು.

ಸೂರ್ಯ ವೇಲ್ಸಿಗೆ ಬರುವುದೇ ಅಪರೂಪ,
ಬಂದಾಗ ನೋಡೋಣ ಅಂದಳು ಮೆರೆರಿದ್.
ಹನ್ನೆರಡು ಭಂಗಿಗೆ ‘ಬೆಳಗಿನ ಸುತ್ತು’ ಅಂತ ಹೆಸರಾಯಿತು,
ನಾವು ಮಾಡುವುದು ಕತ್ತಲಾದ ಮೇಲೆ.
ಯಾರದೋ ಯಜ್ಞ ಕೆಡಿಸಲು ಜಡೆಯಿಂದೆದ್ದ ವೀರಭದ್ರ
ಕೋಲು ಚಾಚಿದ ಕುರಿ ಕಾಯುವವನಾದ.
ಹೆಸರು ಹೋದರೂ ಉಸಿರು ಉಳಿಯಿತು
ಅಂತ ನಾವು ಅಂದುಕೊಂಡೆವು.

ಗ್ವಿಲಿಮ್ ಒಬ್ಬನೇ ಒಪ್ಪಲಿಲ್ಲ.
ನಲವತ್ತು ವರ್ಷ ಸ್ಲೇಟು ಸೀಳಿದವನು,
ಎದೆಯೊಳಗೆ ಅರ್ಧ ಗುಡ್ಡದ ಪುಡಿ.
ಕೊನೆಯ ಭಂಗಿಗೆ ‘ವಿಶ್ರಾಂತಿ’ ಅಂದಾಗ ಕಣ್ಣು ತೆರೆದ:
‘ಹೆಣ ಅಂತಲೇ ಹೇಳು ತಾಯಿ,
ನನಗೆ ಅಭ್ಯಾಸ ಬೇಕು.’

ಒಮ್ಮೆ ಆಸ್ಪತ್ರೆಯ ಹೊಸ ಡಾಕ್ಟರು ಬಂದಿದ್ದಳು,
ದರ್ಭಂಗಾದ ಹುಡುಗಿ, ವಿಭಾ ಠಾಕುರ್.
ಎಲ್ಲವನ್ನೂ ಮಾಡಿದಳು, ಕುರಿ ಕಾಯುವವನನ್ನೂ.
ಹೋಗುವಾಗ ಬೂಟು ಕಟ್ಟುತ್ತ ನಕ್ಕು ಹೇಳಿದಳು:
‘ನನ್ನಜ್ಜಿ ಚಪ್ಪಲಿ ಹೊರಗೆ ಬಿಟ್ಟು ದೇವರ ಹತ್ತಿರ ಹೋಗುತ್ತಿದ್ದಳು.
ನೀವು ದೇವರನ್ನು ಹೊರಗೆ ಬಿಟ್ಟು
ಚಪ್ಪಲಿ ಒಳಗೆ ತಂದಿದ್ದೀರಿ.’
ಸಿಟ್ಟಿರಲಿಲ್ಲ. ಮತ್ತೆ ಬರಲೂ ಇಲ್ಲ.

ನನಗೆ ಉತ್ತರ ಹೊಳೆಯಲಿಲ್ಲ. ನೆನಪಾದದ್ದು
ನಮ್ಮ ಪ್ರವಚನದ ಪೀಠ.
ಚೆಸ್ಟರಿನ ಒಂದು ಪಬ್ಬಿನವರು ಕೊಂಡುಹೋದರು.
ನೋಡಲು ಹೋಗಿದ್ದೆ, ಸುಮ್ಮನೆ.
ನನ್ನ ತಂದೆ ಮುಷ್ಟಿ ಗುದ್ದಿ ಗುದ್ದಿ ಸವೆಸಿದ ಅಂಚಿನಲ್ಲಿ
ಯಾವನೋ ಬಿಯರಿನ ಲೋಟ ಇಟ್ಟಿದ್ದ.
ಚೆನ್ನಾಗಿದೆ ಈ ಮರ, ಅಂದ. ಓಕ್ ಅಲ್ಲವೇ?
ಹೌದು, ಅಂದೆ. ಓಕೇ.

ಬೇರು ಬೇರೆ, ಗಿಡ ಬೇರೆ ಅನ್ನುತ್ತದೆ ಕಾಗದ.
ಇರಬಹುದು. ನಾನು ಕಸ ಗುಡಿಸುವವಳು.
ಆದರೆ ಮಾರ್ಚಿಯ ಆ ಮಂಗಳವಾರ
ಉದ್ದಕ್ಕೆ ಉಸಿರು ಬಿಡಿ ಅಂದಾಗ
ಗ್ವಿಲಿಮ್‌ನ ಎದೆಯ ಕಲ್ಲು ಗುಂಯ್ ಅಂತು.
ತುಟಿ ಮುಚ್ಚಿತ್ತು, ಮಾತೇ ಇರಲಿಲ್ಲ.
ಪಕ್ಕದ ಚಾಪೆ ಅದನ್ನು ಹಿಡಿಯಿತು, ಅದರ ಪಕ್ಕದ್ದು ಕೂಡ.
ಹಲಗೆ ನಡುಗಿತು.
ಮುನ್ನೂರ ಆರರ ಮೊದಲ ಸ್ವರವೋ,
ಕಾಗದ ಬೇಡವೆಂದ ಆ ಅಕ್ಷರದ ಬಾಲವೋ,
ಕೇಳಿದರೆ ಗ್ವಿಲಿಮ್ ಕೆಮ್ಮು ಅನ್ನುತ್ತಾನೆ.

ಬಾಗಿಲಲ್ಲಿ ಟೆಕ್ವಿನ್ ನಿಂತಿದ್ದ, ಬಾಡಿಗೆಗೆ ಬಂದವನು.
ಟೋಪಿ ತೆಗೆದ. ಮತ್ತೆ ಹಾಕಿಕೊಂಡ.
ರಸೀದಿ ಬರೆಯುವಾಗ
ತಾರೀಖು ತಪ್ಪು ಹಾಕಿದ.

ಎಲ್ಲರೂ ಹೋದ ಮೇಲೆ ಚಾಪೆ ಸುತ್ತುತ್ತೇನೆ.
ಸುತ್ತಬೇಕಾದರೆ ಮಂಡಿಯೂರಬೇಕು.
ಈ ಮನೆಯಲ್ಲಿ ಯಾರೂ ಮಂಡಿಯೂರಿದವರಲ್ಲ,
ನಮ್ಮವರು ಬೆಂಚಿನಲ್ಲಿ ಕೂತೇ ತಲೆ ಬಗ್ಗಿಸುತ್ತಿದ್ದರು.
ನೂರ ಅರವತ್ತು ವರ್ಷಕ್ಕೆ ಮೊದಲ ಮಂಡಿ ನನ್ನದು,
ಹದಿಮೂರು ಸಲ.
ಮಂಡಿಯ ಬಗ್ಗೆ ಕಾಗದದಲ್ಲಿ ಏನೂ ಇಲ್ಲ.
ಹುಡುಕಿದ್ದೇನೆ.